ತಾತನ ಪೆಟ್ಟಿಗೆಯಲ್ಲಿ ಚೀನದ ಕಾಸು

ಕಲಬುರಗಿಯ ಒಂದು ಹಳೆಯ ಮನೆಯಲ್ಲಿಯೋ ಕಮಲಾಪುರದ ಒಂದು ಅಟ್ಟದ ಮೇಲೆಯೋ, ಗತಿಸಿದ ಹಿರಿಯರ ಪೆಟ್ಟಿಗೆಯನ್ನು ತೆರೆದಿರೆಂದು ಭಾವಿಸಿರಿ. ಹೈದರಾಬಾದಿನ ಹಾಲಿ ಸಿಕ್ಕಾ ನಾಣ್ಯಗಳ ನಡುವೆ, ಚೌಕ ರಂಧ್ರವುಳ್ಳ ನಾಲ್ಕಾರು ಹಿತ್ತಾಳೆಯ ಬಿಲ್ಲೆಗಳು ಕಾಣುತ್ತವೆ. 'ಎರಡು ಸಾವಿರ ವರ್ಷದವು' ಎಂದು ಒಬ್ಬರು, 'ಕಂಚುಗಾರನಿಗೆ ತೂಗಿಕೊಡಿ' ಎಂದು ಇನ್ನೊಬ್ಬರು ಹೇಳುತ್ತಾರೆ. ನಿಜವನ್ನು ಕಾಣುವ ಬಗೆ ಹೇಗೆ?

ಮೊದಲು ರಂಧ್ರವನ್ನು ನೋಡತಕ್ಕದ್ದು. ತೂತಿರುವುದೆಲ್ಲ ಚೀನದ್ದಲ್ಲ. 1943ರಿಂದ ಬ್ರಿಟಿಷ್ ಸರ್ಕಾರ ಹೊರಡಿಸಿದ ಒಂದು ಪೈಸೆಯ ತೂತುಕಾಸಿನ ರಂಧ್ರ ದುಂಡಗಿದೆ. ಚೀನದ ಹಳೆಯ ಕಾಸಿನ ರಂಧ್ರ ಚೌಕ. ಕಾಸುಗಳನ್ನು ದಾರದಲ್ಲಿ ಪೋಣಿಸಿ ಒಯ್ಯುತ್ತಿದ್ದರು. ಎರಡನೆಯದಾಗಿ, ಕಲಬುರಗಿಯನ್ನು ಅಹ್ಸನಾಬಾದೆಂದು ಹೆಸರಿಸುವ ಬಹಮನಿ ನಾಣ್ಯಗಳು ಅಚ್ಚಿನಿಂದ ಒತ್ತಿದವು. ಚೀನದ ಕಾಸು ಅಚ್ಚಿನಲ್ಲಿ ಎರಕ ಹೊಯ್ದುದು. 1889ರಲ್ಲಿ ಕ್ವಾಂಗ್‌ತುಂಗ್ ಪ್ರಾಂತದಲ್ಲಿ ಯಂತ್ರದ ಟಂಕಸಾಲೆ ಬಂದಮೇಲೆ ಈ ಪದ್ಧತಿ ಕ್ರಮೇಣ ಹಿಂದೆ ಸರಿಯಿತು.

ಬಳಿಕ ಲಿಪಿ. ಮುಂಭಾಗದ ನಾಲ್ಕು ಅಕ್ಷರಗಳನ್ನು ಸಾಮಾನ್ಯವಾಗಿ ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ ಎಂಬ ಕ್ರಮದಲ್ಲಿ ಓದಬೇಕು. ಮೊದಲಿನೆರಡು ಚಕ್ರವರ್ತಿಯ ಆಳ್ವಿಕೆಯ ಹೆಸರು. ಕೊನೆಯೆರಡು 'ತುಂಗ್‌ಪಾವ್', ಅಂದರೆ ಚಲಾವಣೆಯ ಧನ. ಹೀಗೆ ಕಾಂಗ್‌ಶೀ ಎಂದಿದ್ದರೆ 1662–1722, ಚ್ಯೆನ್‌ಲುಂಗ್ ಎಂದಿದ್ದರೆ 1736–1795, ಕ್ವಾಂಗ್‌ಶೂ ಎಂದಿದ್ದರೆ 1875–1908. ಈ ರಾಜವಂಶದ ಕಾಸಿನ ಹಿಂಭಾಗದಲ್ಲಿ ಮಂಚೂ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುವುದು ಸಾಮಾನ್ಯ. ಆದರೆ ಇವೇ ಅಕ್ಷರಗಳನ್ನು ಮಂಗಳಬಿಲ್ಲೆಗಳ ಮೇಲೂ ಹೊಯ್ದಿದ್ದಾರೆ, ಇಂದು ನಕಲುಗಳೂ ಬಹಳ. ಅಕ್ಷರ ಕಂಡೊಡನೆ ಕಾಲವನ್ನು ನಿಶ್ಚಯಿಸಲಾಗದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವುಂಟು. ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯಲ್ಲಿ ಶಾತವಾಹನರ ಹಾಗೂ ರೋಮಿನ ನಾಣ್ಯಗಳೊಡನೆ ಚೀನದ ಒಂದು ಕಾಸೂ ದೊರೆಯಿತು. ಅದನ್ನು ಹಾನ್ ವಂಶದ ವೂ-ತಿ ಚಕ್ರವರ್ತಿಯದೆಂದು ಗುರುತಿಸಿ ಕ್ರಿ. ಪೂ. 138ರ ಕಾಲವನ್ನು ಕೊಟ್ಟರು. ಮುಂದೆ ವಿದ್ವಾಂಸರು ಈ ನಿರ್ಣಯವನ್ನು ಶಂಕಿಸಿದರು. ಆ ಕಾಲದ ಕಾಸುಗಳ ಮೇಲೆ ವರ್ಷ ಬರೆಯುವ ಪದ್ಧತಿಯೇ ಇರಲಿಲ್ಲ. ವೂ-ತಿಯ ಪ್ರಸಿದ್ಧ 'ವೂ-ಚೂ' ಕಾಸು ಹೊರಟದ್ದು ಕ್ರಿ. ಪೂ. 118ರಲ್ಲಿ, ಅದರ ಬಗೆ ಕ್ರಿ. ಶ. 621ರವರೆಗೆ ಮುಂದುವರಿಯಿತು. ಏಳು ಶತಮಾನ ಬಾಳಿದ ಮುದ್ರೆಯೊಂದು ತಾನಾಗಿ ತನ್ನ ವಯಸ್ಸನ್ನು ಹೇಳಲಾರದು.

ತಂಜಾವೂರು ಸೀಮೆಯಲ್ಲಿ ನೆಲದಡಿ ದೊರೆತ ಚೀನದ ನಾಣ್ಯನಿಧಿಗಳಲ್ಲಿ ಸುಂಗ್ ಕಾಲದ (960–1279) ಕಾಸುಗಳು ಹೇರಳ. ಅವು ಕಡಲ ವ್ಯಾಪಾರಕ್ಕೆ ಸಾಕ್ಷಿ. ಮನೆಯ ಪೆಟ್ಟಿಗೆಯದು ಬೇರೆ ಮಾತು. ಹಿಂದೂಸ್ಥಾನದ ಸಿಪಾಯಿಗಳು 1840–42ರಲ್ಲಿಯೂ 1900ರಲ್ಲಿಯೂ ಚೀನದ ಯುದ್ಧಗಳಿಗೆ ಹೋದರು. ಮುಂಬಯಿಯ ವರ್ತಕರು ಅಲ್ಲಿ ವ್ಯವಹರಿಸಿದರು. ತಾತನ ಕಾಸು ಇಂಥ ಯಾವುದಾದರೊಂದು ದಾರಿಯಿಂದ ಬಂದಿರಬಹುದು. ಹಾಗಿದ್ದರೆ ಅದು ಹಾನ್ ಚಕ್ರವರ್ತಿಯ ಕಥೆಯಲ್ಲ, ಮನೆಯವರೊಬ್ಬರ ಪಯಣದ ಕಥೆ. ಪೇಟೆಯಲ್ಲಿ ಅದಕ್ಕೆ ಹೆಚ್ಚು ಬೆಲೆ ಬಾರದಿದ್ದರೂ ಮನೆಗೆ ಅದರ ಮೌಲ್ಯ ಕಡಮೆಯಾಗದು.

ಆದುದರಿಂದ ಶ್ರೋತೃಗಳಲ್ಲಿ ಒಂದು ವಿನಂತಿ. ಹುಣಸೆಹಣ್ಣಿನಿಂದ ಕಾಸನ್ನು ಉಜ್ಜಬೇಡಿರಿ. ಕಿಲುಬಿನೊಡನೆ ಅಕ್ಷರವೂ ಅಳಿದೀತು. ಎರಡು ಪಾರ್ಶ್ವಗಳ ಚಿತ್ರ ತೆಗೆದು, ತೂಕ ಅಳತೆಗಳನ್ನು ಬರೆದು, ಬಲ್ಲವರಿಗೆ ತೋರಿಸಿರಿ. ಪೆಟ್ಟಿಗೆ ಯಾರದು, ಜೊತೆಗೆ ಯಾವ ಚೀಟಿಯಿತ್ತು ಎಂಬುದನ್ನು ಮನೆಯ ಮುದುಕರು ಇರುವಾಗಲೇ ಕೇಳಿ ಬರೆದಿಡಿರಿ. ಕಾಸು ಇನ್ನೂ ನೂರು ವರ್ಷ ಉಳಿದೀತು. ಅವರ ನೆನಪು ಅಷ್ಟು ಕಾಲ ಕಾಯಲಾರದು.