ಬಫಿಂಗ್ ಮಷೀನ್ ಕೊಳ್ಳೋ ಮುಂಚೆ: ಮೈಸೂರು ರಸ್ತೆಯಿಂದ ಹೊಳಪಿನ ನೂರು ವರ್ಷದ ಕಥೆ

ನೇರಳೆ ಮಾರ್ಗದ ಮೆಟ್ರೋದಲ್ಲಿ ಕೂತು ಇದನ್ನ ಕೇಳ್ತಿದ್ದರೆ, ದೀಪಾಂಜಲಿ ನಗರ ಸ್ಟೇಷನ್ ಬಂದಾಗ ಒಂದ್ಸಲ ಕಿಟಕಿಯಾಚೆ ನೋಡಿ. ಮೈಸೂರು ರಸ್ತೆಯ ಟ್ರಾಫಿಕ್, ಹತ್ತಿರದಲ್ಲೇ ಬಿಎಚ್‌ಇಎಲ್ ಕಾರ್ಖಾನೆ, ಬಿಎಂಟಿಸಿ ಡಿಪೋ, ಆಮೇಲೆ ಅಡ್ಡರಸ್ತೆಗಳಲ್ಲಿ ಗ್ಯಾರೇಜುಗಳು. ಅಂಥದ್ದೇ ಒಂದು ಅಡ್ಡರಸ್ತೆಯಲ್ಲಿ ನನ್ನ ಚಿಕ್ಕಪ್ಪನ ಮಗನ ಕಾರ್ ವಾಶ್ ಅಂಗಡಿ ಇದೆ. ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗ ಇಲ್ಲ.

ಹೋದ ವರ್ಷ ಅವನ ಅಂಗಡಿಯಲ್ಲಿ ಒಂದು ಅನಾಹುತ ಆಯ್ತು. ಗಿರಾಕಿಯೊಬ್ಬರ ಕೆಂಪು ಕಾರಿನ ಗೀರು ತೆಗೆಯೋಕೆ ಅಂತ ನಾಲ್ಕು ಇಂಚಿನ ಗ್ರೈಂಡರ್‌ಗೆ ಉಣ್ಣೆಯ ಪ್ಯಾಡ್ ಹಾಕಿ ಬಾನೆಟ್ ಮೇಲೆ ಓಡಿಸಿದ. ಬಾನೆಟ್ಟಿನ ಅಂಚಿನಲ್ಲಿ ಒಂದೇ ಕ್ಷಣ ಕೈ ನಿಂತಿತು. ಬಣ್ಣ ಸುಟ್ಟು, ಕೆಳಗಿನ ಪ್ರೈಮರ್ ಬೆಳ್ಳಗೆ ಕಾಣಿಸ್ತು. ಬಾನೆಟ್ ಪೂರ್ತಿ ಪೇಂಟ್ ಮಾಡಿಸಿಕೊಡಬೇಕಾಯ್ತು. ಆ ತಿಂಗಳ ದುಡಿಮೆ ಅಲ್ಲಿಗೇ ಹೋಯ್ತು.

ಈ ವರ್ಷ ಅವನಿಗೆ ಚೀಟಿ ದುಡ್ಡು ಬಂತು. ಫೋನ್ ಮಾಡಿದ: "ಅಕ್ಕಾ, ಈ ಸಲ ಸರಿಯಾದ ಮಷೀನ್ ತಗೋತೀನಿ. ಎಲ್ಲಕ್ಕಿಂತ ಪವರ್‌ಫುಲ್ ಯಾವುದು ಅಂತ ನೋಡಿ ಹೇಳು. ಒಂದೇ ಒಂದು ತಗೊಳೋ ಅಷ್ಟು ದುಡ್ಡಿದೆ, ತಪ್ಪಬಾರದು."

ನನಗೆ ಗೊತ್ತಿರೋದು ಇತಿಹಾಸ, ಮಷೀನ್ ಅಲ್ಲ. ಹಾಗಾಗಿ ಇತಿಹಾಸದಿಂದಲೇ ಶುರು ಮಾಡಿದೆ. ಹುಡುಕ್ತಾ ಹೋದಾಗ ಅವನ ಪ್ರಶ್ನೆಯೇ ತಪ್ಪು ಅಂತ ಗೊತ್ತಾಯ್ತು.

ಕಥೆ ಇದೇ ಮೈಸೂರು ರಸ್ತೆಯಲ್ಲಿ ಶುರುವಾಗುತ್ತೆ. ದೀಪಾಂಜಲಿ ನಗರದಿಂದ ನೇರ ಹೋದರೆ ಬಿಡದಿ, ರಾಮನಗರ ದಾಟಿ ಚನ್ನಪಟ್ಟಣ. ಅಲ್ಲಿನ ಬೊಂಬೆ ಮಾಡೋರು ಹಾಲೆ ಮರದ ತುಂಡನ್ನ ಲೇತ್‌ಗೆ ಕಟ್ಟಿ ತಿರುಗಿಸ್ತಾರೆ. ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ. ಆಮೇಲೆ ಒಣಗಿದ ಕೇದಗೆ ಗರಿ ಹಿಡಿದು ಹೊಳಪು ತರ್ತಾರೆ. ಗಮನಿಸಿ, ಇಲ್ಲಿ ಬಿಸಿ ಬೇಕೇ ಬೇಕು. ಬಿಸಿ ಇಲ್ಲದಿದ್ದರೆ ಅರಗು ಕರಗಲ್ಲ, ಬೊಂಬೆಗೆ ಬಣ್ಣ ಹತ್ತಲ್ಲ.

ಅರಗಿಗೂ ಬಣ್ಣಕ್ಕೂ ನಮ್ಮಲ್ಲಿ ಇನ್ನೊಂದು ನಂಟಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು. ವೋಟು ಹಾಕಿದಾಗ ಬೆರಳಿಗೆ ಹಚ್ಚೋ ಶಾಯಿ ತಯಾರಾಗೋದು ಇದೇ ಕಾರ್ಖಾನೆಯಲ್ಲಿ. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್.

ಈಗ ಕಾರಿಗೆ ಬರೋಣ. ಮೊದಲ ಕಾರುಗಳ ಬಣ್ಣ ಕುದುರೆಗಾಡಿಗಳ ಬಣ್ಣದ ಥರಾನೇ ಇತ್ತು. ಪದರದ ಮೇಲೆ ಪದರ ಹಚ್ಚಬೇಕು, ಒಣಗೋಕೆ ದಿನಗಟ್ಟಲೆ ಕಾಯಬೇಕು. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಡ್ಯೂಕೋ ಅನ್ನೋ ಬಣ್ಣ ಜನರಲ್ ಮೋಟಾರ್ಸ್ ಕಾರುಗಳಿಗೆ ಬಂತು. ಸ್ಪ್ರೇ ಮಾಡಬಹುದು, ಬೇಗ ಒಣಗುತ್ತೆ. ಆದರೆ ತಾನಾಗೇ ಹೊಳೆಯಲ್ಲ, ಉಜ್ಜಿ ಹೊಳಪು ತರಬೇಕು. ಉಜ್ಜೋ ಕೆಲಸ ಜಾಸ್ತಿ ಆದಂತೆ ಕೈಯ ಜಾಗಕ್ಕೆ ಮಷೀನ್ ಬಂತು.

ಮಷೀನಿನ ಕಥೆ ಆಗಲೇ ಬೇರೆ ದಾರಿಯಲ್ಲಿ ನಡೀತಿತ್ತು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯೋ ಎಲೆಕ್ಟ್ರಿಕ್ ಡ್ರಿಲ್ ಮಾಡಿತ್ತು. 1917ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್, ಪಿಸ್ತೂಲಿನ ಹಿಡಿ ಮತ್ತು ಟ್ರಿಗರ್ ಇರೋ ಡ್ರಿಲ್‌ಗೆ ಪೇಟೆಂಟ್ ತಗೊಂಡಿತು. 1954ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿ ವೇಗದ ಆಂಗಲ್ ಗ್ರೈಂಡರ್ ತಂದಿತು. ಅದು ಎಷ್ಟು ಮನೆಮಾತಾಯ್ತು ಅಂದರೆ, ಇವತ್ತಿಗೂ ಜರ್ಮನರು ಗ್ರೈಂಡರ್‌ಗೆ 'ಫ್ಲೆಕ್ಸ್' ಅಂತಲೇ ಅಂತಾರೆ, ನಾವು ಜೆರಾಕ್ಸ್ ಅಂದ ಹಾಗೆ. ನನ್ನ ತಮ್ಮನ ಅಂಗಡಿಯಲ್ಲಿ ಬಾನೆಟ್ ಸುಟ್ಟ ಗ್ರೈಂಡರ್ ಇದೇ ವಂಶದ್ದು. ಕಬ್ಬಿಣ ಕತ್ತರಿಸೋಕೆ ಹುಟ್ಟಿದ್ದು.

ಲೆಕ್ಕ ಹಾಕಿ ನೋಡಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಪ್ಯಾಡಿನ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತೆ. ಆರು ಇಂಚಿನ ಪ್ಯಾಡ್ ಹಾಕಿದ ರೋಟರಿ ಪಾಲಿಶರನ್ನ 1,500 ಸುತ್ತಿನಲ್ಲಿ ಓಡಿಸಿದರೆ ಅದೇ ವೇಗ ಸುಮಾರು 43 ಕಿಲೋಮೀಟರ್. ಒಂದು ರೇಸು, ಇನ್ನೊಂದು ಖಾಲಿ ರಸ್ತೆಯ ಬಿಎಂಟಿಸಿ ಬಸ್ಸು.

ಹಾಗಿದ್ದರೆ ಹಳೇ ಕಾಲದಲ್ಲಿ ಒರಟಾಗಿ ಉಜ್ಜಿದರೂ ಕಾರುಗಳು ತಡ್ಕೊಂಡಿದ್ದು ಹೇಗೆ? ನಿಮ್ಮ ತಾತನ ಕಾಲದ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಮೇಲಿಂದ ಕೆಳತನಕ ಒಂದೇ ಬಣ್ಣ. ಪಾಲಿಶ್ ಮಾಡಿದರೆ ಬಟ್ಟೆಗೆ ಬಣ್ಣ ಬರೋದು. ಸ್ವಲ್ಪ ಹೋದರೆ ಕೆಳಗೂ ಅದೇ ಬಣ್ಣ. 1980ರ ದಶಕದಿಂದ ಜಗತ್ತಿನ ಕಾರುಗಳಲ್ಲಿ ಕ್ಲಿಯರ್ ಕೋಟ್ ಸಾಮಾನ್ಯ ಆಯ್ತು. ಕೆಳಗೆ ತೆಳು ಬಣ್ಣ, ಮೇಲೆ ಗಾಜಿನಂಥ ಪದರ. ಬಿಸಿಲಿನಿಂದ ಬಣ್ಣ ಕಾಪಾಡೋದು ಆ ಪದರವೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ನಿಮ್ಮ ತಲೆಕೂದಲಿಗಿಂತ ತೆಳು. ನಾವು ಗೀರು ತೆಗೀತೀವಿ ಅಂತೀವಲ್ಲ, ನಿಜವಾಗಿ ಮಾಡೋದು ಗೀರಿನ ಸುತ್ತಲಿನ ಪದರವನ್ನ ಸವೆಸೋದು. ಸವೆದದ್ದು ವಾಪಸ್ ಬರಲ್ಲ.

ಚನ್ನಪಟ್ಟಣದಲ್ಲಿ ಬಿಸಿ ಗೆಳೆಯ, ಕ್ಲಿಯರ್ ಕೋಟ್ ಮೇಲೆ ಅದೇ ಬಿಸಿ ಶತ್ರು. ಬಣ್ಣ ಬದಲಾಯ್ತು, ಅದರ ಹಿಂದೆ ಮಷೀನೂ ಬದಲಾಗಲೇಬೇಕಾಯ್ತು. ಹಾಗೆ ಬಂದದ್ದು ಡ್ಯುಯಲ್ ಆಕ್ಷನ್, ಗ್ಯಾರೇಜು ಭಾಷೆಯಲ್ಲಿ ಡಿಎ. ಇದರಲ್ಲಿ ಪ್ಯಾಡ್ ತನ್ನ ಸುತ್ತ ತಾನೂ ತಿರುಗುತ್ತೆ, ಜೊತೆಗೆ ಸಣ್ಣ ವೃತ್ತದಲ್ಲೂ ಓಡಾಡುತ್ತೆ. ಜಾಸ್ತಿ ಒತ್ತಿದರೆ ತಿರುಗೋದೇ ನಿಂತುಬಿಡುತ್ತೆ. ದೌರ್ಬಲ್ಯ ಅನ್ನಿಸಬಹುದು, ಆದರೆ ಬಣ್ಣ ಉಳಿಯೋದು ಅದರಿಂದಲೇ. ಆ ಸಣ್ಣ ವೃತ್ತದ ಅಳತೆಗೆ ಥ್ರೋ ಅಂತಾರೆ. ಮೊದಲ ಕಾಲದ ಡಿಎಗಳಲ್ಲಿ ಅದು 8 ಮಿಲಿಮೀಟರ್ ಆಸುಪಾಸು ಇರ್ತಿತ್ತು, ಕೆಲಸ ನಿಧಾನ. 2010ರ ದಶಕದ ಆರಂಭದಲ್ಲಿ ಇಟಲಿಯ ರೂಪೆಸ್ ಕಂಪನಿ ಬಿಗ್‌ಫುಟ್ ಅನ್ನೋ ಮಷೀನುಗಳಲ್ಲಿ ಅದನ್ನ 15 ಮತ್ತು 21 ಮಿಲಿಮೀಟರಿಗೆ ಏರಿಸಿತು. ಕೆಲಸ ಬೇಗ ಆಯ್ತು, ಬಿಸಿ ಹತೋಟಿಯಲ್ಲೇ ಇತ್ತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು.

ಇಷ್ಟು ಓದಿದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. "ಪವರ್ ಕೇಳಬೇಡ ಕಣೋ. ನಿನ್ನ ಅಂಗಡಿಗೆ ಯಾವ ಕಾರು ಬರುತ್ತೆ ಹೇಳು" ಅಂದೆ.

"ಸ್ವಿಫ್ಟು, ಐ20, ಓಲಾ-ಊಬರ್ ಓಡಿಸೋ ಡಿಸೈರು. ದೊಡ್ಡ ಎಸ್‌ಯುವಿ ಕಮ್ಮಿ."

ಅಲ್ಲಿಗೆ ಉತ್ತರ ಸಿಕ್ತು. 21 ಮಿಲಿಮೀಟರಿನದು ಅಗಲವಾದ ಬಾನೆಟ್, ರೂಫಿಗೆ ಚೆಂದ, ಆದರೆ ಸಣ್ಣ ಕಾರಿನ ತಿರುವು, ಬಂಪರ್ ಮೇಲೆ ನಿಂತು ನಿಂತು ಹೋಗುತ್ತೆ. ರೋಟರಿ ವೇಗವಾಗಿ ಕತ್ತರಿಸುತ್ತೆ, ಆದರೆ ಪಳಗಿದ ಕೈ ಬೇಕು. ಒಂದೇ ಮಷೀನ್ ಅಂದರೆ 15 ಮಿಲಿಮೀಟರಿನ ಡಿಎ, ಅದಕ್ಕೆ ಐದು ಇಂಚಿನ ಪ್ಯಾಡು. ಉಳಿದ ದುಡ್ಡಿಗೆ ಬಣ್ಣದ ದಪ್ಪ ಅಳೆಯೋ ಗೇಜು. ಅದು ಎಲ್ಲ ಪದರಗಳ ಒಟ್ಟು ದಪ್ಪ ಮಾತ್ರ ಹೇಳುತ್ತೆ, ಕ್ಲಿಯರ್ ಕೋಟ್ ಎಷ್ಟಿದೆ ಅಂತ ಬಿಡಿಸಿ ಹೇಳಲ್ಲ. ಆದರೂ ಒಂದು ಕಡೆ ಮಾತ್ರ ತೀರಾ ಕಮ್ಮಿ ಬಂದರೆ, ಅಲ್ಲಿ ಯಾರೋ ಆಗಲೇ ಉಜ್ಜಿದ್ದಾರೆ ಅನ್ನೋ ಸುಳಿವು ಸಿಗುತ್ತೆ.

ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಕೇಳಿದ, "ಅಂದ್ರೆ ಅಕ್ಕಾ, ಕೆಲವು ಗೀರು ಬಿಡಲೇಬೇಕಾ?"

"ಹೌದು. ಉಗುರಿಗೆ ತಗುಲೋ ಗೀರನ್ನ ಪೂರ್ತಿ ತೆಗೀತೀನಿ ಅಂತ ಹೋಗಬೇಡ. ಗಿರಾಕಿಗೆ ಮೊದಲೇ ಹೇಳಿಬಿಡು."

ಮಷೀನ್ ಬಂದು ಎರಡು ತಿಂಗಳಾಯ್ತು. ಮೊದಲ ವಾರ ಗಿರಾಕಿಗಳ ಕಾರು ಮುಟ್ಟಲಿಲ್ಲ. ಗುಜರಿಯಿಂದ ಒಂದು ಹಳೇ ಬಾನೆಟ್ ತಂದು ಅದರ ಮೇಲೆ ಕೈ ಪಳಗಿಸಿಕೊಂಡ. ಅಂಚುಗಳಿಗೆಲ್ಲ ಟೇಪ್ ಅಂಟಿಸೋದು ಈಗ ಅಭ್ಯಾಸ ಆಗಿದೆ. ಹೋದ ಭಾನುವಾರ ಹೋಗಿದ್ದೆ. ಹಳೇ ಗ್ರೈಂಡರ್ ಇನ್ನೂ ಗೂಡಿನಲ್ಲಿತ್ತು. "ಮಾರಲಿಲ್ವಾ?" ಅಂದೆ.

"ಯಾಕೆ ಮಾರ್ಲಿ? ಶೆಡ್ಡಿನ ಕಬ್ಬಿಣ ಕತ್ತರಿಸೋಕೆ ಬೇಕು. ಅದರ ಕೆಲಸ ಅದಕ್ಕೆ" ಅಂದ.