ಆ ಸರೋವರಕ್ಕೆ ಮೊದಲೇ ಹೆಸರಿತ್ತು



ಅಮೆರಿಕದಲ್ಲಿರುವ ನೆಂಟರು ರಜೆಯಲ್ಲಿ ಕಳಿಸುವ ಫೋಟೋಗಳಲ್ಲಿ ಯೊಸೆಮಿಟಿಯನ್ನು ನೀವೂ ನೋಡಿರಬಹುದು. ಕ್ಯಾಲಿಫೋರ್ನಿಯಾದ ಈ ರಾಷ್ಟ್ರೀಯ ಉದ್ಯಾನದಲ್ಲಿ ಕಣಿವೆಯ ನೆಲದಿಂದ ಸುಮಾರು 900 ಮೀಟರ್ ನೆಟ್ಟಗೆ ಎದ್ದು ನಿಂತ ಎಲ್ ಕ್ಯಾಪಿಟನ್ ಬಂಡೆಯಿದೆ, ಮೂರು ಹಂತಗಳಲ್ಲಿ 739 ಮೀಟರ್ ಧುಮುಕುವ ಜಲಪಾತವಿದೆ. ನೋಡಿದವರು ಸೃಷ್ಟಿಕರ್ತನನ್ನು ನೆನೆಯದೆ ಇರಲಾರರು. ಆದರೆ ಫೋಟೋದಲ್ಲಿ ಬಾರದ ಕಥೆಯೊಂದು ಅಲ್ಲಿದೆ.

ಆ ಕಣಿವೆಗೆ ಅಲ್ಲಿನ ಮೂಲನಿವಾಸಿಗಳು ಇಟ್ಟ ಹೆಸರು ಅಹ್ವಾನಿ. ಓಕ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡಿ, ನೀರು ಹಾಯಿಸಿ ಕಹಿ ತೆಗೆದು, ಗಂಜಿ ಬೇಯಿಸಿ ಉಣ್ಣುತ್ತಿದ್ದರು. ಓಕ್ ಮರಗಳ ಕೆಳಗಿನ ಪೊದೆಗಳಿಗೆ ಆಗಾಗ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಇದರಿಂದ ಓಕ್‌ಗಳಿಗೆ ಬೆಳಕು ಸಿಗುತ್ತಿತ್ತು, ಹುಲ್ಲುಗಾವಲು ಉಳಿಯುತ್ತಿತ್ತು.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಜನ ನುಗ್ಗಿದರು, ಜಗಳಗಳಾದವು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ದಂಡು ಕಣಿವೆಗೆ ಬಂದು ಅವರ ಕಾಯಿಯ ಕಣಜಗಳನ್ನು ಸುಟ್ಟಿತು. ಮುಖಂಡ ತೆನಾಯಾನ ಕಿರಿಯ ಮಗ ಗುಂಡಿಗೆ ಬಲಿಯಾದ. ಉಳಿದವರನ್ನು ಮೇಲಿನ ಸರೋವರವೊಂದರ ಬಳಿ ಹಿಡಿದರು. ದಂಡಿನೊಂದಿಗೆ ಬನ್ನೆಲ್ ಎಂಬ ವೈದ್ಯನಿದ್ದ. ಈ ಸರೋವರಕ್ಕೆ ನಿನ್ನ ಹೆಸರಿಡುತ್ತೇವೆ ಎಂದು ಅವನು ತೆನಾಯಾನಿಗೆ ಗೌರವದಿಂದಲೇ ಹೇಳಿದ. ಅದಕ್ಕೆ ಈಗಾಗಲೇ ಹೆಸರಿದೆ ಎಂದು ಮುದುಕ ಉತ್ತರಿಸಿದ. ಇದನ್ನು ಬರೆದಿಟ್ಟವನು ಬನ್ನೆಲ್ಲೇ.

ಮುಂದಿನದು ಪ್ರವಾಸಿಗರಿಗೆ ಗೊತ್ತಿರುವ ಇತಿಹಾಸ. 1864ರಲ್ಲಿ, ಅಂತರ್ಯುದ್ಧದ ನಡುವೆಯೇ, ಲಿಂಕನ್ ಈ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಯ್ದಿಡುವ ಕಾನೂನಿಗೆ ಸಹಿ ಹಾಕಿದರು. 1890ರಲ್ಲಿ ಸುತ್ತಲಿನ ಬೆಟ್ಟಗಳು ರಾಷ್ಟ್ರೀಯ ಉದ್ಯಾನವಾದವು. ಇದಕ್ಕಾಗಿ ಬರೆದು ಹೋರಾಡಿದವರು ಜಾನ್ ಮ್ಯೂರ್. ತಂದೆಯ ಬೆತ್ತದ ಭಯದಲ್ಲಿ ಹುಡುಗನಾಗಿದ್ದಾಗಲೇ ಹೊಸ ಒಡಂಬಡಿಕೆಯನ್ನು ಪೂರ್ತಿ ಬಾಯಿಪಾಠ ಮಾಡಿದ್ದವರು ಅವರು! 1903ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ರನ್ನೇ ಮೂರು ರಾತ್ರಿ ಕಾಡಿನಲ್ಲಿ ಮಲಗಿಸಿದರು. ನನಗೆ ಅವರ ಮೇಲೆ ಪ್ರೀತಿಯಿದೆ. ಆದರೂ ಅವರು ಮೆಚ್ಚಿದ ಆ ತೆರೆದ ಹುಲ್ಲುಗಾವಲಿನ ಹಿಂದೆ ಮನುಷ್ಯರ ಕೈಯಿತ್ತು ಎಂಬುದು ಅವರಿಗೆ ಕಾಣಲಿಲ್ಲ.

ಉದ್ಯಾನದವರು ಬೆಂಕಿಯನ್ನು ಶತ್ರುವೆಂದೇ ತಿಳಿದು ನಂದಿಸುತ್ತ ಬಂದರು. ಪೈನ್, ಸೀಡರ್ ಮರಗಳು ಒತ್ತಾಗಿ ಬೆಳೆದು ಹುಲ್ಲುಗಾವಲನ್ನು ನುಂಗಿದವು. ಸಾವಿರಾರು ವರ್ಷ ಬಾಳುವ ಸಿಕ್ವೋಯಾ ಮರಗಳ ಕೆಳಗೆ ಒಂದು ಸಸಿಯೂ ಕಾಣದಾಯಿತು. ಅವುಗಳ ಕಾಯಿ ಬಾಯ್ಬಿಟ್ಟು ಬೀಜ ಉದುರಲು ಬಿಸಿ ಬೇಕು. ಬೀಜ ಮೊಳೆಯಲು ಕಸ ಸುಟ್ಟ ಬರಿನೆಲ ಬೇಕು. ವಿಜ್ಞಾನಿಗಳಿಗೆ ಇದು ಅರ್ಥವಾದದ್ದು 1960ರ ದಶಕದಲ್ಲಿ.

ಕಣಿವೆಯಲ್ಲಿ ಉಳಿದಿದ್ದ ಮೂಲನಿವಾಸಿಗಳ ಕೊನೆಯ ಹಟ್ಟಿಯನ್ನು 1969ರಲ್ಲಿ ನೆಲಸಮ ಮಾಡಿದರು. ಮರುವರ್ಷ, 1970ರಲ್ಲಿ, ಉದ್ಯಾನದ ಸಿಬ್ಬಂದಿ ತಾವೇ ಕಾಡಿಗೆ ಸಣ್ಣ ಬೆಂಕಿ ಹಚ್ಚಲು ಶುರು ಮಾಡಿದರು.

ಸರೋವರ ಇಂದಿಗೂ ನಕ್ಷೆಯಲ್ಲಿ ತೆನಾಯಾ ಲೇಕ್. ಮುದುಕ ಹೇಳಿದ ಹೆಸರು ಪೈವಿಯಾಕ್, ಅಂದರೆ ಹೊಳೆಯುವ ಬಂಡೆಗಳ ಸರೋವರ.