ೞಕಾರದ ಗಣಕಸಂಕೇತ: ಒಂದು ತಪ್ಪು ಹೆಸರಿನ ಚರಿತ್ರೆ

ಚನ್ನಗಿರಿ ಹಾಗೂ ಇಂದಿನ ನ್ಯಾಮತಿಯನ್ನೊಳಗೊಂಡಿದ್ದ ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿಯೂ (1902), ಜಗಳೂರಿನವು 11ನೆಯ ಸಂಪುಟದಲ್ಲಿಯೂ ಪ್ರಕಟವಾದವು. ಇಂಥ ಶಾಸನಪಾಠಗಳನ್ನು ಗಣಕಕ್ಕೆ ಅಳವಡಿಸುವಾಗ ಹಳಗನ್ನಡದ ೞಕಾರದ ಪ್ರಶ್ನೆ ಎದುರಾಗುತ್ತದೆ.

ಯೂನಿಕೋಡ್ ಈ ಅಕ್ಷರಕ್ಕೆ ದಶಮಾಂಶ ಕ್ರಮದ 3294ನೆಯ ಸ್ಥಾನವನ್ನಿತ್ತು, ‘ಕನ್ನಡ ಲೆಟರ್ ಎಫ್‌ಎ’ ಎಂದು ತಪ್ಪಾಗಿ ಹೆಸರಿಸಿತು. 1996ರ 2.0 ಆವೃತ್ತಿಯಿಂದ ಅಕ್ಷರನಾಮಗಳು ಬದಲಾಯಿಸಲಾಗದಂಥವಾದುದರಿಂದ, ಆ ಹೆಸರನ್ನು ಉಳಿಸಿಕೊಂಡೇ ‘ಎಲ್‌ಎಲ್‌ಎಲ್‌ಎ’ ಎಂಬ ಪರ್ಯಾಯನಾಮವನ್ನು ಸೇರಿಸಬೇಕಾಯಿತು. ತಮಿಳು, ಮಲಯಾಳಂಗಳಲ್ಲಿ ಇದಕ್ಕೆ ಸಂವಾದಿಯಾದ ಅಕ್ಷರವು ಳಕಾರದ ಮುಂದಿನ ಸ್ಥಾನದಲ್ಲಿದೆ. ಕನ್ನಡದಲ್ಲಿ ಆ ಸ್ಥಾನ (3252) ಖಾಲಿಯಿದೆ. ಆದುದರಿಂದ ಪದಗಳನ್ನು ಸಂಕೇತಸಂಖ್ಯೆಯ ಕ್ರಮದಲ್ಲಿಯೇ ವಿಂಗಡಿಸಿದರೆ ೞಕಾರವು ಹಕಾರದ ಆಚೆಗೆ ಬೀಳುತ್ತದೆ.

ಈ ದೋಷ ದಾಖಲಾಗಿರುವುದರಿಂದ ನಿವಾರಿಸಿಕೊಳ್ಳಬಹುದು. ‘ಏೞು’ ಎಂಬುದನ್ನು ‘ಏಳು’ ಎಂದು ಬೆರಳಚ್ಚಿಸುವ ರೂಢಿ ಹಾಗಲ್ಲ. 13ನೆಯ ಶತಮಾನದ ಕೇಶಿರಾಜನು ರಳ, ಕುಳ, ಕ್ಷಳಗಳೆಂದು ವಿವೇಚಿಸಿದ ಭೇದವು ಬರಹದಲ್ಲಿ ಕ್ರಮೇಣ ಅಳಿದದ್ದೇ ಶಾಸನಗಳ ಕಾಲನಿರ್ಣಯಕ್ಕೆ ಒಂದು ಆಧಾರ. ಬೆರಳಚ್ಚುಗಾರನ ಳಕಾರ ಯಾವುದು, ಲಿಪಿಕಾರನದು ಯಾವುದು ಎಂಬುದನ್ನು ಗಣಕಪಾಠದಿಂದ ತಿಳಿಯಲಾಗದು. ಅದಕ್ಕೆ ಮರಳಿ ಕಲ್ಲಿನ ಬಳಿಗೇ ಹೋಗಬೇಕು.